ಕ್ಯಾನ್ಸರ್ ಗುರುತು ಹಿಡಿಯುವ ಬಯೋಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಕಾಲೇಜುಗಳಲ್ಲಿ ಬಯೋಸೆನ್ಸರ್ ಮೇಲೆ ಪ್ರಾಜೆಕ್ಟ್ ಹಿಡಿದವರು ಬೆಳಗಾವಿಯ ನಮ್ಮ ಲ್ಯಾಬಿಗೆ ಬಂದು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ನಡುವೆ ರೋಗಿಗಳ ಮನೆಯವರು ಕೇಳಿದ್ದೂ ಇದೆ. ಎಲೆಕ್ಟ್ರಾನಿಕ್ಸ್‌ನವರು, ಕೆಮಿಸ್ಟ್ರಿಯವರು, ಬಯೋಟೆಕ್‌ನವರು ಎಲ್ಲರೂ ಓದುವ ಹಾಗೆ ಬರೆದಿದ್ದೇವೆ. ಗೊತ್ತಿರುವ ಭಾಗ ಬಿಟ್ಟು ಮುಂದೆ ಹೋಗಿ.

ಬಯೋಸೆನ್ಸರ್ ಅಂದರೆ ಏನು?

ಎರಡು ಭಾಗ. ಒಂದು, ನಮಗೆ ಬೇಕಾದ ಅಣುವನ್ನು ಮಾತ್ರ ಹಿಡಿಯುವ ಜೈವಿಕ ಪದಾರ್ಥ: ಕಿಣ್ವ, ಆ್ಯಂಟಿಬಾಡಿ (ಒಂದೇ ಗುರಿಗೆ ಅಂಟಿಕೊಳ್ಳುವ ರೋಗನಿರೋಧಕ ಪ್ರೋಟೀನ್) ಅಥವಾ ಡಿಎನ್‌ಎ ತುಂಡು. ಇನ್ನೊಂದು, ಹಾಗೆ ಹಿಡಿದದ್ದನ್ನು ಕರೆಂಟ್, ಬಣ್ಣ ಅಥವಾ ತೂಕದ ವ್ಯತ್ಯಾಸವಾಗಿ ತೋರಿಸುವ ಭಾಗ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಗ್ಲುಕೋಸ್ ಅಳೆಯಲು ಕಿಣ್ವದ ಎಲೆಕ್ಟ್ರೋಡ್ ಹೇಗೆ ಮಾಡಬಹುದು ಅಂತ ಬರೆದರು. ಇವತ್ತು ಮನೆ ಮನೆಯಲ್ಲಿರುವ ಶುಗರ್ ಮಷೀನ್ ಅದೇ ವಂಶದ್ದು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಗರ್ಭ ಪರೀಕ್ಷೆಯ ಪಟ್ಟಿಯೂ ಇದೇ ಜಾತಿಯದು. ಅದು ಹಿಡಿಯುವ ಎಚ್‌ಸಿಜಿ ಹಾರ್ಮೋನು ಕೆಲವು ಬಗೆಯ ವೃಷಣದ ಕ್ಯಾನ್ಸರಿಗೂ ಗುರುತು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಶುಗರ್ ಮಷೀನ್ ಇದೆ. ಹಾಗೇ ಕ್ಯಾನ್ಸರ್ ಮಷೀನ್ ಯಾಕೆ ಇನ್ನೂ ಬಂದಿಲ್ಲ?

ಇದನ್ನು ಕೇಳದೆ ಹೋದವರೇ ಇಲ್ಲ. ಉತ್ತರ ಲೆಕ್ಕದಲ್ಲಿದೆ.

ಪ್ರಾಸ್ಟೇಟ್ ಕ್ಯಾನ್ಸರಿಗೆ ನೋಡುವ ಪಿಎಸ್‌ಎ ಪ್ರೋಟೀನನ್ನೇ ತಗೊಳ್ಳಿ. ಒಂದು ಮಿಲಿಲೀಟರ್‌ನಲ್ಲಿ 4 ನ್ಯಾನೊಗ್ರಾಂ ದಾಟಿದರೆ ಮುಂದಿನ ಪರೀಕ್ಷೆ ಬೇಕಾಗಬಹುದು ಅನ್ನುವುದು ಹಳೇ ರೂಢಿ. ಅದು ಎಷ್ಟು ಕಡಿಮೆ ಅಂದರೆ, ಮನೆ ಮಾಳಿಗೆ ಮೇಲಿನ 1000 ಲೀಟರ್ ನೀರಿನ ಟ್ಯಾಂಕಿನಲ್ಲಿ ಸಂಕ್ರಾಂತಿಯ ಒಂದು ಎಳ್ಳುಕಾಳು ಕರಗಿದಷ್ಟು. ರಕ್ತದಲ್ಲಿ ಗ್ಲುಕೋಸ್ ಅಣುಗಳು ಎಷ್ಟಿವೆಯೋ ಅದರ ನಾಲ್ಕು ಕೋಟಿಯಲ್ಲಿ ಒಂದು ಪಾಲು ಈ ಪಿಎಸ್‌ಎ.

ಕಡಿಮೆ ಇರುವುದೊಂದೇ ತೊಂದರೆಯಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಅದೇ ರಕ್ತದಲ್ಲಿ ಆಲ್ಬುಮಿನ್ ಅನ್ನುವ ಇನ್ನೊಂದು ಪ್ರೋಟೀನ್ ಇದೆ. ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂ. ಅಂದರೆ ಪಿಎಸ್‌ಎಗಿಂತ ಒಂದು ಕೋಟಿ ಪಟ್ಟು ಜಾಸ್ತಿ. ಈ ಆಲ್ಬುಮಿನ್ ಸಿಕ್ಕಿದ ಕಡೆಯೆಲ್ಲಾ ಅಂಟಿಕೊಳ್ಳುತ್ತದೆ, ನಿಮ್ಮ ಸೆನ್ಸರಿನ ಮೇಲೂ. ಕೋಟಿ ಜನರ ಜಾತ್ರೆಯಿದ್ದರೂ ಸರಿ, ಒಬ್ಬನನ್ನೇ ಹಿಡಿಯಬೇಕು.

ಮೂರನೇ ಕಾರಣವನ್ನು ಪುಸ್ತಕಗಳು ಒತ್ತಿ ಹೇಳುವುದಿಲ್ಲ. ಗ್ಲುಕೋಸ್ ಸೆನ್ಸರಿನಲ್ಲಿರುವ ಕಿಣ್ವ ಒಂದಾದ ಮೇಲೊಂದು ಅಣುವನ್ನು ಮುರಿಯುತ್ತಲೇ ಇರುತ್ತದೆ. ಪ್ರತಿ ಸಲವೂ ಎಲೆಕ್ಟ್ರಾನ್ ಹೊರಬರುತ್ತದೆ, ಕರೆಂಟ್ ತಾನಾಗಿಯೇ ಸಿಗುತ್ತದೆ. ಆ್ಯಂಟಿಬಾಡಿ ಹಾಗಲ್ಲ. ಹಿಡಿಯುತ್ತದೆ, ಸುಮ್ನೆ ಕೂರುತ್ತದೆ. ಹಿಡಿದಿದೆ ಅಂತ ತಿಳಿಯಲು ನಾವೇ ಬೇರೆ ಉಪಾಯ ಮಾಡಬೇಕು. ಈ ಕ್ಷೇತ್ರದ ಅರ್ಧ ಕೆಲಸ ಆ ಉಪಾಯ ಹುಡುಕುವುದೇ.

ಯಾವ ಬಯೋಮಾರ್ಕರ್ (ಕಾಯಿಲೆಯ ಗುರುತಾಗಿ ಅಳೆಯುವ ಅಣು) ಆಯ್ದುಕೊಳ್ಳಬೇಕು?

ಪ್ರಾಜೆಕ್ಟಿನ ಅವಧಿ, ನಿಮ್ಮ ಊರಿನ ಆಸ್ಪತ್ರೆಯಲ್ಲಿ ಸಿಗುವ ಸ್ಯಾಂಪಲ್, ಈ ಎರಡನ್ನು ಮೊದಲು ನೋಡಿ. ಕಲಿಯಲು ಪಿಎಸ್‌ಎ ಅಥವಾ ಸಿಇಎ ಅನ್ನುವ ಪ್ರೋಟೀನ್ ಒಳ್ಳೇದು. ಆ್ಯಂಟಿಬಾಡಿ ಸುಲಭವಾಗಿ ಸಿಗುತ್ತದೆ, ಹೋಲಿಸಿ ನೋಡಲು ಆಸ್ಪತ್ರೆಯ ಮಷೀನಿನ ರಿಪೋರ್ಟ್ ಇರುತ್ತದೆ. ಸಿಇಎಯನ್ನು 1965ರಲ್ಲಿ ಮಾಂಟ್ರಿಯಲ್‌ನ ಗೋಲ್ಡ್ ಮತ್ತು ಫ್ರೀಡ್‌ಮನ್ ದೊಡ್ಡ ಕರುಳಿನ ಗಡ್ಡೆಗಳಲ್ಲಿ ಕಂಡರು. ಇವತ್ತಿಗೂ ಕರುಳಿನ ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಕಾಯಿಲೆ ಮರಳಿತೇ ಅಂತ ನೋಡಲು ಬಳಸುತ್ತಾರೆ. ಆದರೆ ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಇಎ ಏರಿರುತ್ತದೆ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ-125 ಮುಟ್ಟಿನ ದಿನಗಳಲ್ಲಿ ಏರುತ್ತದೆ. ಹೊಟ್ಟೆಯ ಟಿಬಿ ಇದ್ದರೂ ಏರುತ್ತದೆ, ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಕ್ಯಾನ್ಸರಿಗೆ ಮಾತ್ರ ಕಾಣಿಸಿಕೊಂಡು ಬೇರೆ ಯಾವುದಕ್ಕೂ ಕಾಣದ ಪ್ರೋಟೀನ್ ಸಿಗುವುದು ಬಲು ಅಪರೂಪ. ಅದಕ್ಕೇ ಸೆನ್ಸರ್ ಎಷ್ಟೇ ಚೆನ್ನಾಗಿದ್ದರೂ ಮಾರ್ಕರಿನ ಮಿತಿ ಅದರ ಜೊತೆಗೇ ಬರುತ್ತದೆ.

ನಮ್ಮ ಭಾಗಕ್ಕೆ ಉಪಯೋಗ ಆಗುವಂಥದ್ದು ಏನಾದರೂ ಮಾಡಬಹುದಾ?

ಮಾಡಬಹುದು. ನಮ್ಮ ಮಟ್ಟಿಗೆ ಬಾಯಿ ಕ್ಯಾನ್ಸರ್ ಮೇಲೆ ಕೆಲಸ ಮಾಡುವುದಕ್ಕೆ ಮೊದಲ ಓಟು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ತಂಬಾಕು, ಗುಟ್ಕಾ, ಎಲೆ ಅಡಿಕೆ ಜಗಿಯುವವರು ಮೂರೂ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಬಾಯಿ ಕ್ಯಾನ್ಸರಿಗೆ ರಕ್ತವೇ ಬೇಕಂತಿಲ್ಲ. ಎಂಜಲಿನಲ್ಲಿ ಐಎಲ್-8, ಐಎಲ್-6, ಸೈಫ್ರಾ 21-1 ಮುಂತಾದ ಪ್ರೋಟೀನುಗಳನ್ನು ಅಳೆಯುವ ಪ್ರಯತ್ನ ಪ್ರಪಂಚದಾದ್ಯಂತ ನಡೆದಿದೆ. ಸೂಜಿ ಬೇಡ, ನರ್ಸ್ ಬೇಡ, ಹಳ್ಳಿಯಲ್ಲೂ ಸ್ಯಾಂಪಲ್ ತಗೊಳ್ಳಬಹುದು.

ಆದರೆ ಇಲ್ಲಿಯ ಎಂಜಲು ಪರದೇಶದ ಪೇಪರಿನಲ್ಲಿರುವ ಎಂಜಲಲ್ಲ. ಈಗಷ್ಟೇ ಎಲೆ ಅಡಿಕೆ ಉಗುಳಿದವರ ಬಾಯಲ್ಲಿ ಸುಣ್ಣ ಇರುತ್ತದೆ, ಪಿಎಚ್ ಮೇಲೇರುತ್ತದೆ. ಅಡಿಕೆಯ ಒಗರು ಪ್ರೋಟೀನುಗಳನ್ನು ಹಿಡಿದು ಗಟ್ಟಿ ಮಾಡಿ ಕೆಳಗಿಳಿಸುತ್ತದೆ. ಸೆಂಟ್ರಿಫ್ಯೂಜ್ ಮಾಡಿದರೆ ಟ್ಯೂಬಿನ ತಳದಲ್ಲಿ ಕೆಂಪು ಕಂದು ಗಸಿ ಕೂತಿರುತ್ತದೆ. ನೀವು ಹುಡುಕುವ ಪ್ರೋಟೀನಿನ ಒಂದಷ್ಟು ಪಾಲು ಅದರ ಜೊತೆ ಹೋಗಿರಬಹುದು. ಬೆಳಿಗ್ಗೆ ಏನೂ ತಿನ್ನುವ ಮೊದಲು, ತಂಬಾಕು ಹಾಕುವ ಮೊದಲು, ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಬಿಟ್ಟು ಎಂಜಲು ತಗೊಳ್ಳಿ. ತಕ್ಷಣ ಐಸ್ ಮೇಲೆ ಇಡಿ. ಕೊನೆಯ ಸಲ ಏನು, ಯಾವಾಗ ಜಗಿದರು ಅಂತ ಕೇಳಿ ಬರೆದುಕೊಳ್ಳಿ.

ಹೋಲಿಕೆಗೆ ಯಾರನ್ನು ತಗೊಳ್ಳುತ್ತೀರಿ ಅನ್ನುವುದು ಇದಕ್ಕಿಂತ ದೊಡ್ಡ ವಿಷಯ. ಒಂದು ಕಡೆ ಕ್ಯಾನ್ಸರ್ ಇರುವ 60 ವರ್ಷದ ರೈತರು, ಇನ್ನೊಂದು ಕಡೆ ಹಾಸ್ಟೆಲಿನ 20 ವರ್ಷದ ಹುಡುಗರು. ಹೀಗೆ ಹೋಲಿಸಿದರೆ ಯಾವ ಸೆನ್ಸರ್ ಆದರೂ ಪಾಸಾಗುತ್ತದೆ! ವಸಡಿನ ಕಾಯಿಲೆ ಇದ್ದರೂ ಎಂಜಲಿನಲ್ಲಿ ಐಎಲ್-8 ಏರುತ್ತದೆ. ಹಾಗಾಗಿ ಕ್ಯಾನ್ಸರ್ ಇಲ್ಲದ, ಆದರೆ ತಂಬಾಕು ತಿನ್ನುವ, ವಸಡು ಊದಿಕೊಂಡ, ಅದೇ ವಯಸ್ಸಿನವರನ್ನು ಹೋಲಿಕೆಗೆ ತಗೊಳ್ಳಿ. ಅವರ ನಡುವೆ ಫರಕು ಕಂಡರೆ ಅದು ಸುದ್ದಿ.

ಆ್ಯಂಟಿಬಾಡಿ ಒಳ್ಳೇದಾ, ಆಪ್ಟಮರ್ ಒಳ್ಳೇದಾ?

ಒಂದೇ ಗುಣದ ಆ್ಯಂಟಿಬಾಡಿಯನ್ನು ಬೇಕಾದಷ್ಟು ಬೆಳೆಸುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿದರು, 1984ರಲ್ಲಿ ಅದಕ್ಕೆ ನೊಬೆಲ್ ಬಂತು. ಆಪ್ಟಮರ್ ಅಂದರೆ ನಿರ್ದಿಷ್ಟ ಆಕಾರಕ್ಕೆ ಮಡಚಿಕೊಂಡು ಗುರಿಯನ್ನು ಹಿಡಿಯುವ ಡಿಎನ್‌ಎ ಅಥವಾ ಆರ್‌ಎನ್‌ಎ ಎಳೆ. 1990ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಆ ದಾರಿ ಕಂಡುಕೊಂಡವು. ಆಪ್ಟಮರ್ ಸೆಕೆಗೆ ಅಷ್ಟು ಬೇಗ ಕೆಡುವುದಿಲ್ಲ, ಸಿಂಥಸೈಸರ್ ಮಷೀನಿನಲ್ಲೇ ತಯಾರಾಗುತ್ತದೆ, ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ. ಆದರೆ ರಕ್ತದಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವಗಳಿವೆ. ಉಪ್ಪಿನ ಅಂಶ ಬದಲಾದರೆ ಎಳೆಯ ಮಡಿಕೆಯೂ ಬದಲಾಗುತ್ತದೆ. ಮೊದಲ ಪ್ರಾಜೆಕ್ಟಿಗೆ ಆ್ಯಂಟಿಬಾಡಿ ತಗೊಳ್ಳಿ.

ಲ್ಯಾಬಿನಲ್ಲಿ ಕನಿಷ್ಠ ಏನಿದ್ದರೆ ಶುರು ಮಾಡಬಹುದು?

ಎಲೆಕ್ಟ್ರೋಕೆಮಿಕಲ್ ದಾರಿ ಹಿಡಿದರೆ ಖರ್ಚು ಕಡಿಮೆ. ಎಲೆಕ್ಟ್ರೋಡಿಗೆ ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಪೊಟೆನ್ಷಿಯೋಸ್ಟಾಟ್ ಒಂದು ಬೇಕೇ ಬೇಕು. ಕಾಲೇಜಿನಲ್ಲಿ ಇಲ್ಲ ಅಂತ ಕೈಚೆಲ್ಲಬೇಡಿ. 2011ರಲ್ಲಿ ಅಮೆರಿಕದ ಸಾಂಟಾ ಬಾರ್ಬರಾದ ಸಂಶೋಧಕರು ಚೀಪ್‌ಸ್ಟಾಟ್ ಅಂತ ಒಂದನ್ನು 80 ಡಾಲರಿಗಿಂತ ಕಡಿಮೆಯಲ್ಲಿ ಕಟ್ಟಿ, ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಎಲೆಕ್ಟ್ರಾನಿಕ್ಸ್ ವಿಭಾಗದ ಗೆಳೆಯರು ಮನಸ್ಸು ಮಾಡಿದರೆ ಅಂಥದ್ದು ಕಟ್ಟಬಹುದು. ಅದಕ್ಕೆ ಡಬ್ಬಿ, ಎಲೆಕ್ಟ್ರೋಡ್ ಹಿಡಿಯುವ ಸ್ಟ್ಯಾಂಡ್, ಸಣ್ಣ ಸೆಲ್ ಬೇಕಂದರೆ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಮಷೀನ್ ಶಾಪ್‌ಗಳಿಗೆ ಬರವೇ? ನಕ್ಷೆ ಸರಿಯಾಗಿ ಬಿಡಿಸಿಕೊಂಡು ಹೋಗಿ. ಆದರೆ ದ್ರಾವಣ ತಾಗುವ ಕಡೆ ಕಬ್ಬಿಣ, ಹಿತ್ತಾಳೆ ಬೇಡ, ಟೆಫ್ಲಾನ್ ಅಂತ ಒತ್ತಿ ಹೇಳಿ.

ಕೆಲಸ ಹೀಗೆ ನಡೆಯುತ್ತದೆ. ಚಿನ್ನದ ಎಲೆಕ್ಟ್ರೋಡನ್ನು ಮೊದಲು 0.3 ಮೈಕ್ರಾನ್, ಆಮೇಲೆ 0.05 ಮೈಕ್ರಾನ್ ಅಲ್ಯೂಮಿನಾ ಪುಡಿಯಲ್ಲಿ, ಒದ್ದೆ ಬಟ್ಟೆಯ ಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಬೇಕು. ಕನ್ನಡಿಯಂತೆ ಹೊಳೆದರೆ ಸಾಲದು. ಫೆರಿಸೈನೈಡ್ ದ್ರಾವಣದಲ್ಲಿ ವೋಲ್ಟೇಜನ್ನು ಏರಿಸಿ ಇಳಿಸಿ ನೋಡಿ. ಎರಡು ಶಿಖರ ಬರುತ್ತವೆ. ಅವುಗಳ ನಡುವಿನ ಅಂತರ ಲೆಕ್ಕದ ಪ್ರಕಾರ 59 ಮಿಲಿವೋಲ್ಟ್ ಇರಬೇಕು. 70, 80 ಬಂದರೆ ಸಂತೋಷಪಡಿ. 150 ಬಂದರೆ ಮತ್ತೆ ಉಜ್ಜಿ. ಇಲ್ಲಿ ಸೋಮಾರಿತನ ಮಾಡಿದವರು ಎರಡು ತಿಂಗಳ ನಂತರ ಅಂಕಿ ಯಾಕೆ ಹೊಂದುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ.

ಆಮೇಲೆ ಚಿನ್ನದ ಮೇಲೆ ಗಂಧಕದ ತುದಿಯಿರುವ ಅಣುಗಳ ಒಂದು ಪದರ. ಇಡಿಸಿ, ಎನ್‌ಎಚ್‌ಎಸ್ ಅನ್ನುವ ಬೆಸೆಯುವ ರಾಸಾಯನಿಕ ಹಾಕಿ ಆ ಪದರಕ್ಕೆ ಆ್ಯಂಟಿಬಾಡಿ ಜೋಡಿಸುವುದು. ಉಳಿದ ಖಾಲಿ ಜಾಗವನ್ನು ಬಿಎಸ್‌ಎ ಅನ್ನುವ ದನದ ಆಲ್ಬುಮಿನ್‌ನಿಂದ ಮುಚ್ಚುವುದು. ಕೊನೆಗೆ ಸ್ಯಾಂಪಲ್. ಪ್ರತಿ ಹಂತದ ನಂತರ ಇಂಪೀಡೆನ್ಸ್ (ಏರಿಳಿಯುವ ಕರೆಂಟಿಗೆ ಬರುವ ಅಡ್ಡಿ) ಅಳೆಯಿರಿ. ಪರದೆಯ ಮೇಲಿನ ಅರ್ಧವೃತ್ತ ಸಾಮಾನ್ಯವಾಗಿ ಹಂತ ಹಂತಕ್ಕೂ ಹಿಗ್ಗಬೇಕು, ಯಾಕೆಂದರೆ ಎಲೆಕ್ಟ್ರಾನಿಗೆ ದಾರಿ ಕಟ್ಟುತ್ತಾ ಹೋಗುತ್ತದೆ. ಆ್ಯಂಟಿಬಾಡಿ ಹಾಕಿದ ಮೇಲೂ ಹಿಗ್ಗದಿದ್ದರೆ ಅದು ಕೂತಿಲ್ಲ ಅಂತಲೇ ಅನುಮಾನಿಸಿ.

ಒಂದು ಎಚ್ಚರಿಕೆ. ಆ್ಯಂಟಿಬಾಡಿ ಬಾಟಲಿಯಲ್ಲಿ ಕೆಡದಿರಲಿ ಅಂತ ಸೋಡಿಯಂ ಅಜೈಡ್ ಹಾಕಿರುತ್ತಾರೆ. ನೀವು ಎಚ್‌ಆರ್‌ಪಿ ಕಿಣ್ವದಿಂದ ಸಿಗ್ನಲ್ ತೆಗೆಯುವವರಾದರೆ ಅಜೈಡ್ ಆ ಕಿಣ್ವವನ್ನೇ ನಿಲ್ಲಿಸಿಬಿಡುತ್ತದೆ. ಲೇಬಲ್ ಓದಿ.

ಸೆನ್ಸರಿನಲ್ಲಿ ಸಿಗ್ನಲ್ ಹೆಚ್ಚಿಸಲು ಹಾಕುವ ಚಿನ್ನದ ನ್ಯಾನೊ ಕಣ ನಾವೇ ಮಾಡಿಕೊಳ್ಳಬಹುದಾ?

ಧಾರಾಳವಾಗಿ. 1951ರಲ್ಲಿ ಟರ್ಕೆವಿಚ್ ಹೇಳಿದ ವಿಧಾನವೇ ಇವತ್ತಿಗೂ ಸಾಕು. ಕ್ಲೋರೋಆರಿಕ್ ಆಮ್ಲದ ತೆಳು ದ್ರಾವಣ ಕುದಿಯುತ್ತಿರುವಾಗ ಸೋಡಿಯಂ ಸಿಟ್ರೇಟ್ ಒಮ್ಮೆಲೇ ಸುರಿಯಿರಿ. ತಿಳಿ ಹಳದಿ ಹೋಗಿ ಬಣ್ಣವೇ ಇಲ್ಲದಂತಾಗುತ್ತದೆ, ಆಮೇಲೆ ಬೂದು, ಕಡು ನೀಲಿ ನೇರಳೆ, ಕೊನೆಗೆ ದ್ರಾಕ್ಷಾರಸದ ಕೆಂಪು. ಕೆಂಪು ಬಂತೆಂದರೆ ಕಣಗಳು 20 ನ್ಯಾನೊಮೀಟರ್ ಆಸುಪಾಸು ಇವೆ. ನೀಲಿಯಲ್ಲೇ ನಿಂತರೆ ಕಣಗಳು ಗುಂಪುಗೂಡಿವೆ, ಚೆಲ್ಲಿ ಮತ್ತೆ ಮಾಡಿ. ಸಾಮಾನ್ಯವಾಗಿ ತಪ್ಪು ಗಾಜಿನ ಪಾತ್ರೆಯದು: ಸರಿಯಾಗಿ ತೊಳೆದಿರುವುದಿಲ್ಲ.

ಬೇವಿನ ಎಲೆ, ತುಳಸಿ, ದಾಳಿಂಬೆ ಸಿಪ್ಪೆಯ ರಸದಲ್ಲಿ ಕಣ ಮಾಡುವ ಗ್ರೀನ್ ಸಿಂಥಸಿಸ್ ಬಗ್ಗೆಯೂ ಕೇಳುತ್ತಾರೆ. ಕಣ ಬರುತ್ತದೆ. ಆದರೆ ಈ ತಿಂಗಳ ಎಲೆಗೂ ಮುಂದಿನ ತಿಂಗಳ ಎಲೆಗೂ ರಸ ಒಂದೇ ಥರ ಇರುವುದಿಲ್ಲ, ಕಣದ ಮೇಲೆ ಏನು ಅಂಟಿದೆ ಅಂತಲೂ ಗೊತ್ತಾಗುವುದಿಲ್ಲ. ಸೆನ್ಸರಿಗೆ ಅದು ಬೇಡ ಅಂತ ನಮ್ಮ ಅಭಿಪ್ರಾಯ. ಗೈಡ್ ಒಪ್ಪದಿದ್ದರೆ ನಿಮ್ಮ ಪುಣ್ಯ.

ನಮ್ಮ ಸೆನ್ಸರಿನ ಡಿಟೆಕ್ಷನ್ ಲಿಮಿಟ್ ಅಟ್ಟೋಮೋಲಾರ್ ಬಂದಿದೆ. ಪೇಪರ್ ಬರೆಯಬಹುದಾ?

ಡಿಟೆಕ್ಷನ್ ಲಿಮಿಟ್ ಅಂದರೆ ಸೆನ್ಸರಿಗೆ ಕಾಣುವ ಅತಿ ಕಡಿಮೆ ಸಾಂದ್ರತೆ. ಬರೆಯುವ ಮೊದಲು ಒಂದು ಗುಣಾಕಾರ ಮಾಡಿ. ಒಂದು ಅಟ್ಟೋಮೋಲಾರ್ ಅಂದರೆ 50 ಮೈಕ್ರೋಲೀಟರ್ ಹನಿಯಲ್ಲಿ ಸುಮಾರು 30 ಅಣು. ಮೂವತ್ತೇ! ಅದೇ ಹನಿಯಲ್ಲಿ ಪಿಎಸ್‌ಎ 4 ನ್ಯಾನೊಗ್ರಾಂ ಮಟ್ಟದಲ್ಲಿದ್ದರೆ 360 ಕೋಟಿ ಅಣು ಇರುತ್ತವೆ.

ಆ 30 ಅಣುಗಳು ಹನಿಯಲ್ಲಿ ಎಲ್ಲೋ ಇವೆ. ಅವು ತಾವಾಗಿ ಅಲೆದು ಎಲೆಕ್ಟ್ರೋಡಿಗೆ ಬರಬೇಕು. ಪ್ರೋಟೀನ್ ಅಣು ನಿಂತ ನೀರಿನಲ್ಲಿ ಒಂದು ಮಿಲಿಮೀಟರ್ ದಾಟಲು ಗಂಟೆಗೂ ಮೇಲೆ ಬೇಕು. ನೀವು ಕಾಯ್ದದ್ದು ಎಷ್ಟು ನಿಮಿಷ? ಅಷ್ಟರಲ್ಲಿ ಎಷ್ಟು ಅಣು ಬಂದು ತಲುಪಿರಬಹುದು? ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ನಿಮ್ಮ ಸಿಗ್ನಲ್ ಬೇರೆ ಯಾವುದರದ್ದೋ ಇರಬೇಕು.

ಇಂಥ ಅಂಕಿ ಹೇಗೆ ಹುಟ್ಟುತ್ತದೆ ಅಂತ ನಮಗೆ ಗೊತ್ತು. ಮಾರ್ಕರ್ ಇಲ್ಲದ ಖಾಲಿ ಸ್ಯಾಂಪಲನ್ನು ಒಂದೇ ಎಲೆಕ್ಟ್ರೋಡಿನಲ್ಲಿ ಮೂರು ಸಲ ಅಳೆಯುತ್ತಾರೆ, ಏರಿಳಿತ ಕಮ್ಮಿ ಬರುತ್ತದೆ. ಅದರ ಮೂರು ಪಟ್ಟನ್ನು ಗೆರೆಯ ಇಳಿಜಾರಿನಿಂದ ಭಾಗಿಸುತ್ತಾರೆ. ಲಾಗ್ ಅಳತೆಯ ಗೆರೆಯನ್ನು ಯಾರೂ ಅಳೆಯದ ಜಾಗದವರೆಗೆ ಎಳೆಯುತ್ತಾರೆ. ಸೂತ್ರ ಸರಿ, ಬಳಸಿದ್ದು ತಪ್ಪು. ಬೇರೆ ಬೇರೆ ದಿನ, ಬೇರೆ ಬೇರೆ ಎಲೆಕ್ಟ್ರೋಡ್ ಮೇಲೆ, ಕನಿಷ್ಠ ಹತ್ತು ಖಾಲಿ ಅಳತೆ ಮಾಡಿ. ಲೆಕ್ಕದಲ್ಲಿ ಬಂದ ಲಿಮಿಟ್ ಇದೆಯಲ್ಲ, ನಿಜವಾಗಿ ಅಷ್ಟೇ ಸಾಂದ್ರತೆಯ ದ್ರಾವಣ ಮಾಡಿ ಇಟ್ಟು, ಖಾಲಿಗೂ ಅದಕ್ಕೂ ಫರಕು ಕಾಣುತ್ತದಾ ನೋಡಿ. ಕಾಣದಿದ್ದರೆ ಆ ಅಂಕಿ ಬರೆಯಬೇಡಿ.

ಒಂದೊಂದೇ ಅಣು ಎಣಿಸುವ ತಂತ್ರ ಇಲ್ಲವೇ ಇಲ್ಲ ಅಂತಲ್ಲ. 2010ರಲ್ಲಿ ಬಂದ ಡಿಜಿಟಲ್ ಎಲೈಸಾ ಅನ್ನುವ ಆ್ಯಂಟಿಬಾಡಿ ಪರೀಕ್ಷೆಯಲ್ಲಿ ಲಕ್ಷಗಟ್ಟಲೆ ಕಾಂತೀಯ ಮಣಿಗಳನ್ನು ಸ್ಯಾಂಪಲ್ಲಿಗೇ ಬೆರೆಸಿ, ಅಣುಗಳನ್ನು ಹುಡುಕಿ ತಂದು, ಒಂದೊಂದು ಮಣಿಯನ್ನು ಒಂದೊಂದು ಸಣ್ಣ ಗುಳಿಯಲ್ಲಿ ಕೂರಿಸಿ ಎಣಿಸುತ್ತಾರೆ. ಅಣು ತಾನಾಗಿ ಬರಲಿ ಅಂತ ಕಾಯುವುದಿಲ್ಲ. ಅದರಿಂದ ಕಲಿಯಬೇಕಾದ್ದು ಅದೇ.

ಬಫರಿನಲ್ಲಿ ಚೆನ್ನಾಗಿ ಬರುತ್ತದೆ, ಸೀರಂ ಹಾಕಿದರೆ ಎಲ್ಲಾ ಕೆಡುತ್ತದೆ. ಯಾಕೆ?

ಬಫರ್ ಅಂದರೆ ಪಿಎಚ್ ಕಾಯುವ ಬರೀ ಉಪ್ಪಿನ ದ್ರಾವಣ, ಸೀರಂ ಅಂದರೆ ರಕ್ತದ ತಿಳಿ ದ್ರವ. ಅದರಲ್ಲಿರುವ ಆಲ್ಬುಮಿನ್ ಕಥೆ ಮೇಲೆ ಹೇಳಿದ್ದೇವೆ. ಮೇಲ್ಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಅಥವಾ ಎರಡೂ ಬಗೆಯ ಚಾರ್ಜ್ ಇರುವ ಪಾಲಿಮರ್ ಪದರ ಕೊಟ್ಟರೆ ಅಂಟುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಗ್ರಾಫೀನ್ ಅಥವಾ ಸಿಲಿಕಾನ್ ಟ್ರಾನ್ಸಿಸ್ಟರ್ ಬಳಸುವವರಿಗೆ ಇನ್ನೊಂದು ಕಾಟ ಇದೆ. ರಕ್ತದಲ್ಲಿರುವ ಉಪ್ಪು ಯಾವ ಚಾರ್ಜನ್ನಾದರೂ ಒಂದು ನ್ಯಾನೊಮೀಟರಿಗಿಂತ ಕಡಿಮೆ ದೂರದಲ್ಲೇ ಮರೆಮಾಡುತ್ತದೆ. ಆ್ಯಂಟಿಬಾಡಿಯೇ ಸುಮಾರು ಹತ್ತು ನ್ಯಾನೊಮೀಟರ್ ಉದ್ದ. ಅದರ ತುದಿಯಲ್ಲಿ ಸಿಕ್ಕಿಬಿದ್ದ ಪ್ರೋಟೀನಿನ ಚಾರ್ಜ್ ಟ್ರಾನ್ಸಿಸ್ಟರಿಗೆ ಕಾಣುವುದೇ ಇಲ್ಲ. ಬಫರನ್ನು ನೂರು ಪಟ್ಟು ತೆಳು ಮಾಡಿದರೆ ಕಾಣುತ್ತದೆ. ಪೇಪರುಗಳಲ್ಲಿ ಹಾಗೇ ಮಾಡಿರುತ್ತಾರೆ. ರೋಗಿಯ ರಕ್ತವನ್ನು ಹಾಗೆ ತೆಳು ಮಾಡಿದರೆ ಹುಡುಕುವ ಮಾರ್ಕರ್ ಕೂಡ ನೂರು ಪಟ್ಟು ತೆಳುವಾಗುತ್ತದೆ, ಅಲ್ವಾ? ಆ್ಯಂಟಿಬಾಡಿಯನ್ನು ತುಂಡು ಮಾಡಿ ಚಿಕ್ಕ ಭಾಗ ಬಳಸುವುದು, ಅಥವಾ ಹಿಡಿದ ಮೇಲೆ ತೊಳೆದು ತೆಳು ಬಫರಿನಲ್ಲಿ ಅಳೆಯುವುದು ಇದಕ್ಕಿರುವ ದಾರಿಗಳು.

ಸ್ಯಾಂಪಲ್ ಟ್ಯೂಬನ್ನೂ ನೋಡಿ. ನೇರಳೆ ಮುಚ್ಚಳದ್ದರಲ್ಲಿ ಇಡಿಟಿಎ ಇದೆ, ಹಸಿರಿನದರಲ್ಲಿ ಹೆಪಾರಿನ್. ರಕ್ತ ಹೆಪ್ಪುಗಟ್ಟದಂತೆ ಹಾಕುವ ಈ ಎರಡೂ ಸಿಗ್ನಲ್ ಕೆಡಿಸಬಲ್ಲವು. ಒಂದೇ ಬಗೆ ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ.

ಸೆನ್ಸಿಟಿವ್ ಆದಷ್ಟೂ ಒಳ್ಳೇದೇ ಅಲ್ವಾ?

ಎಲ್ಲಾ ಕಡೆ ಅಲ್ಲ. ಆರೋಗ್ಯವಾಗಿರುವ ಗಂಡಸರ ರಕ್ತದಲ್ಲೂ ಪಿಎಸ್‌ಎ ಇದ್ದೇ ಇರುತ್ತದೆ. ಅದರ ಸಾವಿರದಲ್ಲಿ ಒಂದು ಪಾಲನ್ನು ಅಳೆಯಬಲ್ಲೆ ಅಂದರೆ ಆ ರೋಗಿಗೆ ಏನು ಬಂತು? ಅಲ್ಲಿ ಬೇಕಾದದ್ದು 3.5ಕ್ಕೂ 4.5ಕ್ಕೂ ಇರುವ ವ್ಯತ್ಯಾಸವನ್ನು ಪ್ರತಿ ಸಲ ಒಂದೇ ರೀತಿ ಹೇಳುವ ಸ್ಥಿರತೆ. ಆದರೆ ಪ್ರಾಸ್ಟೇಟನ್ನೇ ತೆಗೆದುಹಾಕಿದವರ ಕಥೆ ಬೇರೆ. ಅವರಲ್ಲಿ ಪಿಎಸ್‌ಎ ಹೆಚ್ಚೂಕಡಿಮೆ ಶೂನ್ಯಕ್ಕೆ ಇಳಿಯಬೇಕು. 0.2 ದಾಟಿದರೆ ಕಾಯಿಲೆ ಮರಳಿದ ಸೂಚನೆ ಅಂತ ಡಾಕ್ಟರರು ನೋಡುತ್ತಾರೆ. ಅಲ್ಲಿ ಸೂಕ್ಷ್ಮ ಸೆನ್ಸರಿಗೆ ನಿಜವಾದ ಕೆಲಸ ಇದೆ. ಮೊದಲು ಡಾಕ್ಟರರ ಪ್ರಶ್ನೆ ಏನು ಅಂತ ಕೇಳಿ, ಆಮೇಲೆ ಎಷ್ಟು ಸೂಕ್ಷ್ಮತೆ ಬೇಕು ಅಂತ ಲೆಕ್ಕ ಹಾಕಿ.

ಎಲ್ಲರನ್ನೂ ತಪಾಸಣೆ ಮಾಡುವ ಮಾತು ಬಂದಾಗ ಲೆಕ್ಕ ಇನ್ನೂ ಬಿಗಿ. ಒಂದು ಲಕ್ಷ ಜನರಲ್ಲಿ 100 ಜನರಿಗೆ ಕಾಯಿಲೆ ಇದೆ ಅಂದುಕೊಳ್ಳಿ. ನಿಮ್ಮ ಪರೀಕ್ಷೆ ಕಾಯಿಲೆ ಇರುವವರಲ್ಲಿ 90 ಶೇಕಡ ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ 95 ಶೇಕಡ ಜನರಿಗೆ ಇಲ್ಲ ಅನ್ನುತ್ತದೆ. ಕೇಳಲು ಚಂದ. ಆದರೆ 90 ಜನರನ್ನು ಹಿಡಿಯುವ ಹೊತ್ತಿಗೆ 4,995 ಆರೋಗ್ಯವಂತರಿಗೆ ಕ್ಯಾನ್ಸರ್ ಅನುಮಾನ ಹುಟ್ಟಿಸಿರುತ್ತದೆ. ಪಾಸಿಟಿವ್ ಬಂದ ಪ್ರತಿ 56 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ. ಉಳಿದವರ ಸ್ಕ್ಯಾನ್, ಬಯಾಪ್ಸಿ, ನಿದ್ದೆ ಇಲ್ಲದ ರಾತ್ರಿ, ಜಮೀನು ಅಡವಿಟ್ಟು ತಂದ ದುಡ್ಡು ಯಾರ ಲೆಕ್ಕಕ್ಕೆ?

ಇದು ಬರೀ ಕಾಗದದ ಮೇಲಿನ ಮಾತಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಸಿಎ-125 ಮತ್ತು ಸ್ಕ್ಯಾನ್ ತಪಾಸಣೆ ಮಾಡಿ ವರ್ಷಗಟ್ಟಲೆ ನೋಡಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಅಂಡಾಶಯದ ಕ್ಯಾನ್ಸರಿನಿಂದ ಆಗುವ ಸಾವು ಅದರಿಂದ ಕಡಿಮೆಯಾಗಲಿಲ್ಲ.

ಕಡಿಮೆ ತೋರಿಸಿದರೆ ಮಾರ್ಕರ್ ಕಡಿಮೆ ಇದೆ ಅಂತಲೇನಾ?

ಅಲ್ಲ. ಎರಡು ಆ್ಯಂಟಿಬಾಡಿಗಳ ನಡುವೆ ಮಾರ್ಕರನ್ನು ಹಿಡಿಯುವ ವಿಧಾನದಲ್ಲಿ ಮಾರ್ಕರ್ ವಿಪರೀತ ಜಾಸ್ತಿ ಇದ್ದರೆ ಎರಡೂ ಆ್ಯಂಟಿಬಾಡಿಗಳು ಬೇರೆ ಬೇರೆ ಅಣುಗಳಿಂದ ತುಂಬಿಹೋಗಿ ಜೋಡಿ ಆಗುವುದೇ ಇಲ್ಲ. ಸಿಗ್ನಲ್ ಇಳಿಯುತ್ತದೆ. ಕಾಯಿಲೆ ಬಲಿತವರಿಗೇ ಸುಳ್ಳು ಸಮಾಧಾನ. ಸ್ಯಾಂಪಲನ್ನು ತೆಳು ಮಾಡಿ ಇನ್ನೊಮ್ಮೆ ಅಳೆದರೆ ಗೊತ್ತಾಗುತ್ತದೆ. ಇನ್ನೊಂದು, ಮೇದೋಜೀರಕದ ಕ್ಯಾನ್ಸರಿಗೆ ನೋಡುವ ಸಿಎ 19-9 ಅನ್ನು ಕೆಲವರ ದೇಹ ಹುಟ್ಟಿನಿಂದಲೇ ತಯಾರು ಮಾಡುವುದಿಲ್ಲ. ಅವರಲ್ಲಿ ಸೊನ್ನೆ ಬಂದರೆ ಅದಕ್ಕೆ ಅರ್ಥವಿಲ್ಲ.

ವಿಜಯಪುರದ ಬೇಸಿಗೆಯಲ್ಲಿ ಇವೆಲ್ಲಾ ಉಳಿಯುತ್ತವಾ?

ಒಳ್ಳೇ ಪ್ರಶ್ನೆ. ಆ್ಯಂಟಿಬಾಡಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ವಿಜಯಪುರ, ಬಾಗಲಕೋಟೆಯಲ್ಲಿ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಬೆಂಗಳೂರಿನಿಂದ 500 ಕಿಲೋಮೀಟರಿಗೂ ಜಾಸ್ತಿ ದೂರ ಕೊರಿಯರಿನಲ್ಲಿ ಬಂದ ಥರ್ಮೋಕೋಲ್ ಡಬ್ಬಿ ಶನಿವಾರ ಸಂಜೆ ಕಾಲೇಜಿನ ಗೇಟಿನಲ್ಲಿ ಇಳಿದರೆ ಸೋಮವಾರದವರೆಗೆ ವಾಚ್‌ಮನ್ ಕುರ್ಚಿ ಪಕ್ಕದಲ್ಲೇ ಇರುತ್ತದೆ. ಆರ್ಡರ್ ಮಾಡುವಾಗಲೇ ವಾರದ ಮೊದಲ ದಿನಗಳಲ್ಲಿ ತಲುಪುವ ಹಾಗೆ ಹೇಳಿ. ಬಂದ ತಕ್ಷಣ ಸಣ್ಣ ಸಣ್ಣ ಪಾಲು ಮಾಡಿ ಇಡಿ, ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಬೇಡಿ. ಕರೆಂಟ್ ಹೋಗಿ ಬಂದದ್ದು ತಿಳಿಯಲು ಫ್ರಿಜ್ಜಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ತಾಪಮಾನ ನೆನಪಿಡುವ ಥರ್ಮಾಮೀಟರ್ ಇಡಿ.

ತಯಾರಾದ ಸ್ಟ್ರಿಪ್ ಆದರೆ, ಟ್ರೆಹಲೋಸ್ ಸಕ್ಕರೆ ದ್ರಾವಣದ ಜೊತೆ ಒಣಗಿಸಿ, ಸಿಲಿಕಾ ಜೆಲ್ ಪುಡಿಕೆ ಹಾಕಿ, ಅಲ್ಯೂಮಿನಿಯಂ ಫಾಯಿಲ್ ಚೀಲದಲ್ಲಿ ಸೀಲ್ ಮಾಡಿದರೆ ತಡೆಯುತ್ತದೆ. ತಡೆಯಿತಾ ಅಂತ 40 ಡಿಗ್ರಿ ಇನ್‌ಕ್ಯುಬೇಟರಿನಲ್ಲಿ ವಾರಗಟ್ಟಲೆ ಇಟ್ಟು ಪರೀಕ್ಷೆ ಮಾಡಿ. ಎಸಿ ಕೋಣೆಯಲ್ಲಿ ಮಾತ್ರ ನಡೆಯುವ ಸೆನ್ಸರಿನಿಂದ ಇಂಡಿ, ಸಿಂದಗಿಯ ಆರೋಗ್ಯ ಕೇಂದ್ರಕ್ಕೆ ಪ್ರಯೋಜನ ಇಲ್ಲ.

ನೀರಿನ ವಿಷಯ ಚಿಕ್ಕದಾಗಿ: ಬೋರ್ ನೀರು ಗಡುಸು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿನಿಂದ ಬಫರ್ ಮಾಡಬೇಡಿ.

ರೋಗಿಗಳ ಸ್ಯಾಂಪಲ್ ಎಲ್ಲಿ ಸಿಗುತ್ತದೆ?

ಪರಿಚಯದ ಲ್ಯಾಬ್ ಟೆಕ್ನಿಷಿಯನ್ ಹತ್ತಿರ ಉಳಿದ ರಕ್ತ ಇಸ್ಕೊಂಡು ಬರುವ ಅಭ್ಯಾಸ ಬಿಡಿ. ವೈದ್ಯಕೀಯ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದಕ್ಕೆ ಆಧಾರ. ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ವಿಜಯಪುರದಲ್ಲಿ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇವೆ. ಎಂಜಿನಿಯರಿಂಗ್ ಕಾಲೇಜಿನವರು ಅಲ್ಲಿಯ ಪೆಥಾಲಜಿ ಅಥವಾ ಬಯೋಕೆಮಿಸ್ಟ್ರಿ ವಿಭಾಗದ ಒಬ್ಬರನ್ನು ಮೊದಲ ದಿನವೇ ಜೊತೆಗೆ ಸೇರಿಸಿಕೊಳ್ಳಿ. ಕೊನೆಯ ಸೆಮಿಸ್ಟರಿನಲ್ಲಿ ಹೋಗಿ ಬಾಗಿಲು ತಟ್ಟಿದರೆ ಆಗುವುದಿಲ್ಲ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಬೆಳಗಾವಿ ನಿಪ್ಪಾಣಿ ಕಡೆ ಮರಾಠಿಯಲ್ಲೂ ಇರಲಿ. ಓದಿ ಹೇಳಿ. 'ಸಹಿ ಮಾಡ್ರಿ ಅಜ್ಜಾರ' ಅಂತ ಕಾಗದ ಚಾಚುವುದು ಒಪ್ಪಿಗೆ ಪಡೆದಂತಲ್ಲ.

ಫಲಿತಾಂಶವನ್ನು ಆಸ್ಪತ್ರೆ ಮಷೀನಿನ ಅಂಕಿಯ ಜೊತೆ ಹೋಲಿಸುವಾಗ ಬರೀ ಕೋರಿಲೇಷನ್ (ಎರಡೂ ಒಟ್ಟಿಗೇ ಏರಿಳಿಯುತ್ತವಾ ಅನ್ನುವ ಅಳತೆ) ತೋರಿಸಬೇಡಿ. ನಿಮ್ಮ ಸೆನ್ಸರ್ ಪ್ರತಿ ಸಲ ಎರಡು ಪಟ್ಟು ತೋರಿಸಿದರೂ ಕೋರಿಲೇಷನ್ ಚೆನ್ನಾಗಿಯೇ ಬರುತ್ತದೆ. ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಹೇಳಿದಂತೆ ಎರಡರ ವ್ಯತ್ಯಾಸವನ್ನು ಸರಾಸರಿಯ ಎದುರು ಚಿತ್ರಿಸಿ.

ದುಡ್ಡು ಎಲ್ಲಿಂದ?

ವಿದ್ಯಾರ್ಥಿಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಇದೆ. ಕಂಪನಿ ಮಾಡುವ ಯೋಚನೆ ಇದ್ದರೆ ಬಯೋಟೆಕ್ ಉದ್ಯಮಕ್ಕೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರ್ಯಾಕ್‌ನ ಬಿಗ್ ಅನುದಾನ, 50 ಲಕ್ಷದವರೆಗೆ.

ಮಾರುಕಟ್ಟೆಗೆ ತರಲು ಯಾರ ಪರವಾನಗಿ ಬೇಕು?

ಇಂಥ ಪರೀಕ್ಷಾ ಕಿಟ್‌ಗಳು 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತವೆ. ಅಪಾಯದ ಮಟ್ಟ ನೋಡಿ ಎಯಿಂದ ಡಿವರೆಗೆ ವರ್ಗ ಮಾಡಿದ್ದಾರೆ. ಕೇಂದ್ರದ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಪರವಾನಗಿ ಇಲ್ಲದೆ ಒಂದು ಸ್ಟ್ರಿಪ್ ಕೂಡ ಮಾರುವ ಹಾಗಿಲ್ಲ.

ಒಂದೇ ಹನಿ ರಕ್ತದಲ್ಲಿ ಎಲ್ಲಾ ಕಾಯಿಲೆ ಹೇಳುವ ಮಷೀನ್ ಬಂದಿದೆಯಂತೆ?

2003ರಲ್ಲಿ ಶುರುವಾದ ಅಮೆರಿಕದ ಥೆರಾನೋಸ್ ಕಂಪನಿ ಹಾಗೆಯೇ ಹೇಳಿತ್ತು. ಅದನ್ನು ಕಟ್ಟಿದ ಎಲಿಜಬೆತ್ ಹೋಮ್ಸ್ ಹೂಡಿಕೆದಾರರಿಗೆ ಮೋಸ ಮಾಡಿದ್ದು ಸಾಬೀತಾಗಿ 2022ರಲ್ಲಿ ಹನ್ನೊಂದು ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆ ಆಯಿತು.

ನಮ್ಮ ಅಪ್ಪಾರ ಬಾಯಾಗ ಹುಣ್ಣು ಆಗೇದ. ನಿಮ್ಮ ಲ್ಯಾಬಿನ್ಯಾಗ ಟೆಸ್ಟ್ ಮಾಡಿ ಹೇಳ್ತೀರೇನ್ರಿ?

ಇಲ್ಲ ರೀ, ಮಾಡುವ ಹಾಗಿಲ್ಲ. ನಮ್ಮದು ಇನ್ನೂ ಸಂಶೋಧನೆ. ನಾವು ಹೇಳುವ ಅಂಕಿಯಿಂದ ನಿಮಗೆ ಭಯ ಹುಟ್ಟಬಹುದು ಅಥವಾ ಇಲ್ಲದ ಧೈರ್ಯ ಬರಬಹುದು. ಎರಡೂ ಕೆಟ್ಟದ್ದೇ. ಬಾಯಿ ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಬಾಯಿ ಅಗಲಿಸಲು ಆಗದಿದ್ದರೆ ನಾಳೆಯೇ ಡಾಕ್ಟರಿಗೆ ತೋರಿಸಿ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಸೆನ್ಸರ್ ಮಾಡುವ ನಾವೇ ಇದನ್ನೂ ಹೇಳಬೇಕು. ಕೇರಳದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬರೀ ಕಣ್ಣಿನಿಂದ ಬಾಯಿ ನೋಡಿದರು. ತಂಬಾಕು, ಹೆಂಡ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಅದರಿಂದ ಕಡಿಮೆಯಾಯಿತು ಅಂತ 2005ರಲ್ಲಿ ವರದಿಯಾಯಿತು. ನಮ್ಮ ಸೆನ್ಸರ್ ಆ ಬೆಳಕು ಹಿಡಿದು ನೋಡುವ ಕಣ್ಣಿಗಿಂತ ಹೆಚ್ಚಿನದನ್ನು ಹೇಳಬೇಕು, ಆಗಲೇ ಅದಕ್ಕೆ ಬೆಲೆ.

ಎಐ ಸೇರಿಸಿದರೆ ಫಲಿತಾಂಶ ಸುಧಾರಿಸುತ್ತದಾ?

40 ಸ್ಯಾಂಪಲ್ ಇಟ್ಟುಕೊಂಡು ಬೇಡ. ಮೊದಲು ಸ್ಯಾಂಪಲ್ ಜಾಸ್ತಿ ಮಾಡಿ.

ಬಳಸಿದ ಸ್ಟ್ರಿಪ್, ಟ್ಯೂಬ್ ಎಲ್ಲಿ ಹಾಕಬೇಕು?

ಕ್ಯಾಂಟೀನ್ ಪಕ್ಕದ ಡಬ್ಬಿಗೆ ಅಂತೂ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಕಾಲೇಜಿನ ಲ್ಯಾಬಿಗೂ ಅನ್ವಯಿಸುತ್ತದೆ. ರಕ್ತ ಹೀರಿದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಟ್ಯೂಬ್ ಮತ್ತು ಪಿಪೆಟ್ ತುದಿ ಕೆಂಪು ಚೀಲಕ್ಕೆ, ಸೂಜಿ ಬ್ಲೇಡು ಬಿಳಿ ಗಟ್ಟಿ ಡಬ್ಬಿಗೆ. ಫೆರಿಸೈನೈಡ್ ದ್ರಾವಣಕ್ಕೆ ಬೇರೆಯೇ ಕ್ಯಾನ್ ಇಡಿ, ಅದಕ್ಕೆ ಆಮ್ಲ ಬೆರೆಸಬೇಡಿ, ವಿಷಗಾಳಿ ಹೊರಡಬಹುದು. ತ್ಯಾಜ್ಯ ಒಯ್ಯುವ ಗಾಡಿ ನಿಮ್ಮ ಕಾಲೇಜಿಗೆ ಬರದಿದ್ದರೆ, ಸ್ಯಾಂಪಲ್ ಕೊಟ್ಟ ಆಸ್ಪತ್ರೆಯ ಜೊತೆಗಿನ ಒಪ್ಪಂದದಲ್ಲೇ ಅದನ್ನೂ ಬರೆಸಿಕೊಳ್ಳಿ.